ಹಾರ್ಮೋನಿಯಂ ಮೇಷ್ಟ್ರನ್ನು ವೇದಿಕೆಯ ನಡುವೆ ಕೂರಿಸಿ

ಹಾಸನ ಜಿಲ್ಲೆಯಲ್ಲಿ ಕಣದ ಕೆಲಸ ಮುಗಿದು ಸಂಕ್ರಾಂತಿ ಕಳೆಯಿತೆಂದರೆ ಪೌರಾಣಿಕ ನಾಟಕಗಳ ಕಾಲ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಸೀಕೆರೆ, ಅರಕಲಗೂಡು, ಯಾವ ಕಡೆ ಹೋದರೂ ಊರ ಮುಂದೆ ಒಂದು ದೊಡ್ಡ ಫ್ಲೆಕ್ಸ್ ಕಾಣುತ್ತದೆ. ದುರ್ಯೋಧನ, ಕರ್ಣ, ಶಕುನಿ, ಕೃಷ್ಣ ಪಾತ್ರಧಾರಿಗಳ ಭಾವಚಿತ್ರಗಳು, ಮುಖಂಡರ ಭಾವಚಿತ್ರಗಳು, ದಾನಿಗಳ ಪಟ್ಟಿ. ಎಲ್ಲ ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ‘ನಿರ್ದೇಶನ ಮತ್ತು ಹಾರ್ಮೋನಿಯಂ’ ಎಂದು ಸಣ್ಣ ಅಕ್ಷರದಲ್ಲಿ ಒಬ್ಬರ ಹೆಸರು. ಆ ಹೆಸರಿನ ಹಾರ್ಮೋನಿಯಂ ಮೇಷ್ಟ್ರ ಬಗ್ಗೆ, ಅಂಥವರನ್ನು ಸೇರಿಸಿಕೊಂಡು ನಾವು ಕೆಲವರು ಹಾಸನದಲ್ಲಿ ನಡೆಸುತ್ತಿರುವ ಹಾರ್ಮೋನಿಯಂ ಬಳಗದ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಮೇಷ್ಟ್ರ ಕೆಲಸ ನಾಟಕದ ರಾತ್ರಿ ಶುರುವಾಗುವುದಿಲ್ಲ. ತಿಂಗಳುಗಟ್ಟಲೆ ಮೊದಲೇ, ಊರಿನ ರಾಮಮಂದಿರದಲ್ಲೋ ಸಮುದಾಯ ಭವನದಲ್ಲೋ ತಾಲೀಮು ಆರಂಭವಾಗಿರುತ್ತದೆ. ಹಗಲೆಲ್ಲ ಆಲೂಗಡ್ಡೆ ಹೊಲದಲ್ಲಿ ದುಡಿದವರು, ಬಸ್ ಓಡಿಸಿ ಬಂದವರು, ಅಂಗಡಿ ಬಾಗಿಲು ಹಾಕಿ ಬಂದವರು ರಾತ್ರಿ ಊಟ ಮಾಡಿ ಅಲ್ಲಿ ಸೇರುತ್ತಾರೆ. ಅವರಲ್ಲಿ ಬಹುಪಾಲು ಜನ ಸಂಗೀತ ಕಲಿತವರಲ್ಲ. ಒಬ್ಬೊಬ್ಬರ ಕಂಠ ಎಲ್ಲಿ ನಿಲ್ಲುತ್ತದೆ ಎಂದು ಮೇಷ್ಟ್ರು ಮೊದಲು ಹುಡುಕುತ್ತಾರೆ. ವಾದ್ಯದ ಕರಿ, ಬಿಳಿ ಮನೆಗಳ (ಬೆರಳಿನಿಂದ ಒತ್ತುವ ಕೀಲಿಗಳ) ಲೆಕ್ಕದಲ್ಲಿ ಭೀಮನಿಗೆ ಕರಿ ಒಂದು, ಕೃಷ್ಣನಿಗೆ ಬಿಳಿ ನಾಲ್ಕು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಶ್ರುತಿ ಗೊತ್ತುಮಾಡಿ, ಕಂದ, ವೃತ್ತ ಎಂಬ ಪದ್ಯಗಳನ್ನು, ಹಾಡಿನ ಮಟ್ಟುಗಳನ್ನು ಸಾಲು ಸಾಲಾಗಿ ಬಾಯಿಪಾಠ ಮಾಡಿಸುತ್ತಾರೆ. ನಾಟಕದ ರಾತ್ರಿ ಇಷ್ಟೆಲ್ಲ ಶ್ರುತಿಗಳ ನಡುವೆ ಅವರ ಬೆರಳು ಬೆಳಗಿನ ತನಕ ಓಡಾಡುತ್ತಿರಬೇಕು. ಪಾತ್ರಧಾರಿ ಸಾಲು ಮರೆತರೆ ಮುಂದಿನ ಸಾಲಿನ ಎತ್ತುಗಡೆಯನ್ನು ನುಡಿಸಿ ನೆನಪಿಸುತ್ತಾರೆ. ಶ್ರುತಿ ಜಾರಿದರೆ ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಗಟ್ಟಿಯಾಗಿ ಒತ್ತಿ ಹಿಡಿದು ದಾರಿಗೆ ತರುತ್ತಾರೆ. ಶಿಳ್ಳೆ, ಚಪ್ಪಾಳೆ, ನೋಟಿನ ಹಾರ ಎಲ್ಲವೂ ಪಾತ್ರಧಾರಿಗೆ ಹೋಗುತ್ತವೆ. ಅದು ಸರಿಯೇ, ಅವರೂ ಬೆವರು ಸುರಿಸಿದವರು. ಆದರೆ ಆ ರಾತ್ರಿಯ ಅತ್ಯಂತ ಪಳಗಿದ ಸಂಗೀತಗಾರ ಯಾರೆಂದು ಕೇಳಿದರೆ, ಅವರು ವೇದಿಕೆಯ ಪಕ್ಕದಲ್ಲಿ ಪ್ರೇಕ್ಷಕರಿಗೆ ಅರ್ಧ ಬೆನ್ನು ಮಾಡಿ ಕುಳಿತಿರುತ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈ ಮೇಷ್ಟ್ರುಗಳ ಹಾರ್ಮೋನಿಯಂ ಅನ್ನು ನಾವು ಅದಕ್ಕಾಗಿಯೇ ಕುಳಿತು ಕೇಳಬೇಕು. ಹಾಡಿನ ಆಸರೆಯಾಗಿ ಕೇಳಿದ್ದು ಸಾಕಷ್ಟಾಯಿತು. ಅವರನ್ನು ವೇದಿಕೆಯ ನಡುವೆ ಕೂರಿಸಿ, ಪಕ್ಕದಲ್ಲಿ ತಬಲಾದವರನ್ನು ಕೂರಿಸಿ, ಪೂರ್ತಿ ಕಛೇರಿ ಕೊಡಬೇಕು.

ಈ ವಾದ್ಯಕ್ಕೆ ಅವಮಾನ ಹೊಸದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೈನ್ ಎಂಬಾತ 1840ರ ದಶಕದಲ್ಲಿ ಹಾರ್ಮೋನಿಯಂ ಹೆಸರಿನಲ್ಲಿ ಪೇಟೆಂಟ್ ಪಡೆದ ವಾದ್ಯವನ್ನು ಕಾಲಿನಿಂದ ತುಳಿದು ಗಾಳಿ ತುಂಬಬೇಕಿತ್ತು. ನೆಲದ ಮೇಲೆ ಕುಳಿತು ಹಾಡುವ ನಮ್ಮ ಪದ್ಧತಿಗೆ ಅದು ಒಗ್ಗುವಂಥದ್ದಲ್ಲ. ಕಲ್ಕತ್ತಾದ ದ್ವಾರಕಾನಾಥ್ ಘೋಷ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ ತಿದಿಯನ್ನು ಹಿಂದಕ್ಕೆ ತಂದು, ಒಂದು ಕೈಯಿಂದ ಒತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದರು. ಅಲ್ಲಿಂದ ಅದು ಕೀರ್ತನೆ, ಕವ್ವಾಲಿ, ಭಜನೆ, ನಾಟಕ ಎಲ್ಲ ಕಡೆ ಹಬ್ಬಿತು. ನಮ್ಮಲ್ಲಿ ಕಂಪನಿ ನಾಟಕಗಳ ಕಾಲದಲ್ಲಿ ಕಾಲಿನಿಂದ ತುಳಿಯುವ ಲೆಗ್ ಹಾರ್ಮೋನಿಯಂ ಕೂಡ ಉಳಿದುಕೊಂಡಿತ್ತು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಿಸಬೇಕಲ್ಲ.

ಹೀಗೆ ಹಳ್ಳಿಹಳ್ಳಿಯ ಮನೆಯ ವಾದ್ಯವಾದ ಮೇಲೆ, 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧವಾಯಿತು. ಸ್ವರಗಳ ಅಂತರ ಪಾಶ್ಚಾತ್ಯ ಪದ್ಧತಿಯಂತೆ ಸಮನಾಗಿ ಹಂಚಿಹೋಗಿದೆ, ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಗಮಕ, ಅಂದರೆ ಸ್ವರದ ಬಳುಕು, ಹೊರಡುವುದಿಲ್ಲ ಎಂಬುದು ದೂರು. ರವೀಂದ್ರನಾಥ ಟಾಗೋರರಂಥವರೂ ಆ ನಿಷೇಧದ ಪರವಾಗಿದ್ದರು. 1971ರಲ್ಲಿ ನಿಷೇಧ ಸಡಿಲವಾಯಿತು, ಅದೂ ಮೊದಲಿಗೆ ಭಾಗಶಃ ಮಾತ್ರ. ಮೂರು ದಶಕ ಒಂದು ವಾದ್ಯ ರೇಡಿಯೊದಿಂದ ಹೊರಗಿದ್ದರೆ, ಅದನ್ನು ನುಡಿಸುವವರಿಗೆ ತಮ್ಮ ಕಲೆಯ ಬಗ್ಗೆಯೇ ಒಂದು ಸಂಕೋಚ ಬೆಳೆಯುತ್ತದೆ. ನಮ್ಮ ಬಳಗಕ್ಕೆ ಬರುವ ಹಿರಿಯ ಮೇಷ್ಟ್ರೊಬ್ಬರಿಗೆ ‘ಈ ಸಲ ನೀವು ಒಬ್ಬರೇ ಮುಕ್ಕಾಲು ಗಂಟೆ ನುಡಿಸಬೇಕು’ ಎಂದಾಗ ಅವರು ಮೊದಲು ಕೇಳಿದ್ದು, ‘ಹಾಡುವವರು ಯಾರು?’ ಎಂದು. ಯಾರೂ ಇಲ್ಲ, ನೀವೇ ಎಂದರೆ ನಂಬಲಿಲ್ಲ.

ದೂರಿನಲ್ಲಿ ಹುರುಳಿಲ್ಲವೆಂದು ನಾನು ವಾದಿಸುವುದಿಲ್ಲ. ರೀಡ್ (ಗಾಳಿಗೆ ಅದುರುವ ಲೋಹದ ನಾಲಿಗೆ) ಇರುವ ವಾದ್ಯದಲ್ಲಿ ವೀಣೆಯಂತೆ ತಂತಿ ಎಳೆದು ಗಮಕ ತೆಗೆಯಲಾಗದು. ಆದರೆ ಪಳಗಿದ ಕೈ ಏನು ಮಾಡುತ್ತದೆಂದು ಹತ್ತಿರ ಕುಳಿತು ನೋಡಬೇಕು. ಪಕ್ಕದ ಸ್ವರವನ್ನು ಕ್ಷಣಮಾತ್ರ ಸೋಕಿಸಿ ಬಿಡುವುದು, ಎರಡು ಮನೆಗಳನ್ನು ಒಂದರೊಳಗೊಂದು ಕರಗಿಸುವಂತೆ ಒತ್ತುವುದು, ಎಲ್ಲಕ್ಕಿಂತ ಹೆಚ್ಚಾಗಿ ತಿದಿಯ ಹಿಡಿತ. ತಿದಿಯನ್ನು ಮೆಲ್ಲಗೆ ಬಿಟ್ಟು ಒಂದು ಸ್ವರವನ್ನು ಸಣ್ಣದಾಗಿ ಹುಟ್ಟಿಸಿ, ಬೆಳೆಸಿ, ಇಳಿಸುವಾಗ ಕೇಳುವವನಿಗೆ ಮನುಷ್ಯನ ಉಸಿರೇ ಕೇಳಿಸುತ್ತದೆ. ಬೆಳಗಾವಿಯ ರಾಮಭಾವು ವಿಜಾಪುರೆಯವರು ತಮ್ಮ ಬಾಳಿನುದ್ದಕ್ಕೂ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಡುತ್ತಲೇ ಸ್ವತಂತ್ರ ಹಾರ್ಮೋನಿಯಂ ವಾದನವನ್ನೂ ಎತ್ತರಕ್ಕೆ ಒಯ್ದವರು. ಕರ್ನಾಟಕದಲ್ಲೇ ಅಂಥ ಪರಂಪರೆ ಇರುವಾಗ ಹಾಸನದ ನಾಟಕದ ಮೇಷ್ಟ್ರು ಒಂಟಿಯಾಗಿ ನುಡಿಸಲು ಏಕೆ ಹಿಂಜರಿಯಬೇಕು?

ನಮ್ಮ ಬಳಗಕ್ಕೆ ನೋಂದಣಿ ಇಲ್ಲ, ಅಧ್ಯಕ್ಷರಿಲ್ಲ. ಭಾನುವಾರ ಒಂದು ಶಾಲೆಯ ಕೊಠಡಿಯಲ್ಲಿ ಸೇರುತ್ತೇವೆ. ನಾಟಕದ ಮೇಷ್ಟ್ರುಗಳು, ಭಜನಾ ಮಂಡಳಿಯ ಹೆಣ್ಣುಮಕ್ಕಳು, ನಿವೃತ್ತ ನೌಕರರು, ಕೆಲವು ಕಾಲೇಜು ವಿದ್ಯಾರ್ಥಿಗಳು. ನಮ್ಮ ನಡುವೆ ಒಂದು ಅಕಾರ್ಡಿಯನ್, ಎದೆಗೆ ತೂಗಿಸಿಕೊಂಡು ನುಡಿಸುವ ತಿದಿಯ ವಾದ್ಯ, ಕೂಡ ಇದೆ. ಅದನ್ನು ನುಡಿಸುವ ಹಿರಿಯರು ಹಿಂದೆ ಗಣಪತಿ ಪೆಂಡಾಲ್‌ಗಳ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ಕೀಬೋರ್ಡ್ ಬಂದ ಮೇಲೆ ಆ ವಾದ್ಯವನ್ನು ಕೇಳುವವರಿಲ್ಲದೆ ಪೆಟ್ಟಿಗೆಯೊಳಗೆ ಮುಚ್ಚಿಟ್ಟಿದ್ದರು.

ಅಕಾರ್ಡಿಯನ್ನಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಈ ಹೆಸರಿನಲ್ಲಿ ಪೇಟೆಂಟ್ ಪಡೆದ. ಹಾರ್ಮೋನಿಯಂ, ಮೌತ್ ಆರ್ಗನ್, ಅಕಾರ್ಡಿಯನ್ ಮೂರೂ ಒಂದೇ ವಂಶ: ತೆಳುವಾದ ಲೋಹದ ನಾಲಿಗೆಯೊಂದು ಗಾಳಿಗೆ ಅದುರಿ ಸ್ವರ ಹೊರಡುತ್ತದೆ. ಹಾರ್ಮೋನಿಯಂನಲ್ಲಿ ಎಡಗೈ ತಿದಿಗೆ ಮೀಸಲು. ಅಕಾರ್ಡಿಯನ್ನಿನಲ್ಲಿ ಎಡಗೈ ತಿದಿಯನ್ನು ಎಳೆಯುತ್ತ ದಬ್ಬುತ್ತಲೇ ಗುಂಡಿಗಳನ್ನೂ ಒತ್ತುತ್ತದೆ. ದೊಡ್ಡ ಅಳತೆಯ ವಾದ್ಯದಲ್ಲಿ ಬಲಗಡೆ 41 ಮನೆಗಳು, ಎಡಗಡೆ 120 ಗುಂಡಿಗಳು. ಒಂದೊಂದು ಗುಂಡಿಗೆ ಒಂದು ಮಂದ್ರ (ತಗ್ಗಿನ) ಸ್ವರವೋ ಒಂದು ಸ್ವರಗುಚ್ಛವೋ ಹೊರಡುತ್ತದೆ. ಒಂದೇ ಸ್ವರಕ್ಕೆ ಎರಡು ಮೂರು ರೀಡ್‌ಗಳನ್ನಿಟ್ಟು, ಅವುಗಳ ಶ್ರುತಿಯನ್ನು ಬೇಕೆಂದೇ ಕೂದಲೆಳೆಯಷ್ಟು ಬೇರೆ ಮಾಡಿರುತ್ತಾರೆ. ಆ ಅಲೆಯಾಡುವ ದನಿ ಬರುವುದು ಅದರಿಂದಲೇ. ಜರ್ಮನಿ, ಇಟಲಿ, ಫ್ರಾನ್ಸ್ ಕಡೆ ಈ ವಾದ್ಯಕ್ಕೆ ಊರೂರಿಗೆ ಸಂಘಗಳಿವೆ. ಮೊದಲನೆಯ ಅಕಾರ್ಡಿಯನ್, ಎರಡನೆಯದು, ಮೂರನೆಯದು, ಮಂದ್ರಕ್ಕೊಂದು ಎಂದು ಭಾಗ ಹಂಚಿಕೊಂಡು ಅಭ್ಯಾಸ ಮಾಡಿ, ಊರಿನವರ ಮುಂದೆ ಕಛೇರಿ ಕೊಡುತ್ತಾರೆ. ನುಡಿಸುವವರಲ್ಲಿ ಬಹಳಷ್ಟು ಜನ ಹಗಲು ಬೇರೆ ಕೆಲಸ ಮಾಡುವವರೇ. ನಮ್ಮ ಬಳಗ ಅಂಥದ್ದನ್ನು ಇಲ್ಲಿಯ ರೀತಿಯಲ್ಲಿ ಮಾಡಲು ಹೊರಟಿದೆ. ನಾವು ಭಾಗ ಹಂಚಿಕೊಳ್ಳುವುದಿಲ್ಲ. ಒಬ್ಬರು ರಾಗದ ಒಂದು ಎಳೆ ಹಿಡಿದರೆ ಮತ್ತೊಬ್ಬರು ಅದಕ್ಕೆ ಉತ್ತರ ಕೊಡುತ್ತಾರೆ.

ಬೇಸಿಗೆಯ ನಾಟಕಗಳು ಮುಗಿದು ಮಳೆ ಹಿಡಿದರೆ ಮೇಷ್ಟ್ರುಗಳಿಗೆ ಬಿಡುವು. ಆಗ ನಮ್ಮಲ್ಲಿ ದುರಸ್ತಿಯ ಕೆಲಸ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಿಂದ ಬರುವ ಪೆಟ್ಟಿಗೆಗಳ ಸ್ಥಿತಿ ನೋಡಿದರೆ ಸಂಕಟವಾಗುತ್ತದೆ. ತೇವಕ್ಕೆ ಮರ ಉಬ್ಬಿ ಮನೆಗಳು ಒತ್ತಿದಲ್ಲೇ ಕಚ್ಚಿಕೊಂಡಿರುತ್ತವೆ, ತಿದಿಯ ಮಡಿಕೆಯಲ್ಲಿ ಬೂಷ್ಟು ಕಟ್ಟಿರುತ್ತದೆ, ರೀಡಿನ ಸಂದಿಯಲ್ಲಿ ಧೂಳು ಕೂತು ಸ್ವರ ಸತ್ತಿರುತ್ತದೆ. ದಯವಿಟ್ಟು ರೀಡಿಗೆ ಎಣ್ಣೆ ಹಾಕಬೇಡಿ. ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ. ಮೆತ್ತನೆಯ ಬ್ರಷ್ ಸಾಕು. ಹಿತ್ತಾಳೆಯ ರೀಡಿನ ತುದಿಯನ್ನು ಒಂದಿಷ್ಟೇ ಕೆರೆದರೆ ಶ್ರುತಿ ಏರುತ್ತದೆ, ಬುಡದ ಕಡೆ ಕೆರೆದರೆ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಕೈ ಒಂದು ಗೆರೆ ಹೆಚ್ಚು ಎಳೆದರೆ ಆ ರೀಡ್ ಹಾಳಾದಂತೆಯೇ. ಬಾಸ್ (ತಗ್ಗು), ಮೇಲ್ (ನಡು), ಫೀಮೇಲ್ (ಎತ್ತರ) ಎಂದು ಸಾಲು ಸಾಲಾಗಿ ಕೂತಿರುವ ರೀಡ್‌ಗಳನ್ನು ಒಂದೊಂದಾಗಿ ತೆಗೆದು, ತಂಬೂರಿಗೆ ಕಿವಿಕೊಟ್ಟು ಸರಿಮಾಡುವ ಒಬ್ಬರು ನಮ್ಮಲ್ಲಿದ್ದಾರೆ. ಅವರ ಪಕ್ಕ ಕುಳಿತು ಇಬ್ಬರು ಹುಡುಗರು ಈ ಕೆಲಸ ಕಲಿಯುತ್ತಿದ್ದಾರೆ. ಕಛೇರಿಗಿಂತ ಇದೇ ನನಗೆ ದೊಡ್ಡ ಸಂತೋಷ ಎಂದರೂ ತಪ್ಪಿಲ್ಲ. ಅಕಾರ್ಡಿಯನ್ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರ ರೀಡ್‌ಗಳು ಉಕ್ಕಿನವು, ಮಲೆನಾಡಿನ ತೇವಕ್ಕೆ ತುಕ್ಕು ಹಿಡಿಯುತ್ತವೆ. ಜೇನುಮೇಣಕ್ಕೆ ರಾಳ ಬೆರೆಸಿ ಅವುಗಳನ್ನು ಕೂರಿಸಿರುತ್ತಾರೆ, ಬಿಚ್ಚಿದರೆ ಮತ್ತೆ ಹಾಗೆಯೇ ಕೂರಿಸಬೇಕು.

ಕಲಿಯಲು ಬರುವ ಮಕ್ಕಳು ಮೊದಲ ದಿನವೇ ಹಾಡು ನುಡಿಸಬೇಕೆಂದು ಆತುರಪಡುತ್ತಾರೆ. ಮೇಷ್ಟ್ರು ಒಪ್ಪುವುದಿಲ್ಲ. ‘ಬೆರಳು ಆಮೇಲೆ ಓಡುತ್ತದೆ, ಮೊದಲು ತಿದಿ ನೋಡಪ್ಪ’ ಎಂದು ಒಂದೇ ಷಡ್ಜವನ್ನು ಒಡೆಯದಂತೆ ಹಿಡಿಸುತ್ತಾರೆ. ಮೊಬೈಲ್ ನೋಡಿ ಕಲಿತು ಬಂದ ಹುಡುಗರ ಬೆರಳು ಬಹಳ ಚುರುಕು, ತಿದಿ ಮಾತ್ರ ಏದುಸಿರು ಬಿಡುತ್ತಿರುತ್ತದೆ. ಎದುರಿಗೆ ಕುಳಿತು ಕಲಿಸುವವರು ಬೇಕು ಎನ್ನುವುದು ಇದಕ್ಕೇ.

ಮೊನ್ನೆ ನಡೆಸಿದ ಕಛೇರಿಯಲ್ಲಿ ಮೈಕ್ ಇಡಲಿಲ್ಲ. ಕೆಲವರು ಮೈಕ್ ಬೇಕೆಂದರು, ಬೇಡವೆಂದು ನಾನು ಹಟ ಹಿಡಿದೆ. ಕೊಠಡಿ ಸಣ್ಣದು, ಜನ ನೆಲದ ಮೇಲೆ ಒತ್ತಾಗಿ ಕುಳಿತಿದ್ದರು. ಮೊದಲು ಭಜನಾ ಮಂಡಳಿಯ ಇಬ್ಬರು ಹೆಣ್ಣುಮಕ್ಕಳು ಜೊತೆಯಾಗಿ ನುಡಿಸಿದರು. ಆಮೇಲೆ ಅಕಾರ್ಡಿಯನ್. ಕೊನೆಗೆ ಆ ಹಿರಿಯ ಮೇಷ್ಟ್ರು ಭೀಮಪಲಾಸ್ ರಾಗ ಎತ್ತಿಕೊಂಡರು. ಮೊದಲು ಮೆಲ್ಲನೆ, ಯಾರನ್ನೋ ಹಾಡಿಗೆ ಕರೆಯುತ್ತಿರುವಂತೆ ಆರಂಭಿಸಿದರು. ಹಾಡುವವರು ಯಾರೂ ಬರಲಿಲ್ಲವಲ್ಲ, ತಾವೇ ಮುಂದಕ್ಕೆ ಹೋದರು. ನಾಟಕದಲ್ಲಿ ಪಾತ್ರಧಾರಿಯ ಉಸಿರಿಗೆ ಕಾದು ನಿಲ್ಲಬೇಕಾದ ಜಾಗಗಳಲ್ಲೆಲ್ಲ ಇಲ್ಲಿ ನಿಲ್ಲಲಿಲ್ಲ. ರಾತ್ರಿಯಿಡೀ ಬೇರೆಯವರ ಕಂಠಕ್ಕೆ ತಕ್ಕಂತೆ ತಗ್ಗಿಸಿಕೊಂಡಿದ್ದ ವಿದ್ಯೆ ಎಷ್ಟು ದೊಡ್ಡದು ಎನ್ನುವುದು ಅಂದು ನಮಗೆಲ್ಲ ಕಾಣಿಸಿತು. ನನ್ನ ಪಕ್ಕದಲ್ಲಿದ್ದವರು ಅವರದೇ ಊರಿನವರು, ಅವರ ನಾಟಕದಲ್ಲಿ ಧರ್ಮರಾಯನ ಪಾತ್ರ ಮಾಡುವವರು. ‘ನಮ್ಮ ಮೇಷ್ಟ್ರಿಗೆ ಇಷ್ಟೆಲ್ಲ ಬರುತ್ತದೆಂದು ಗೊತ್ತೇ ಇರಲಿಲ್ಲ ಸಾರ್’ ಎಂದರು.

ಕೀಬೋರ್ಡ್ ಬಂದು ಎಲ್ಲವನ್ನೂ ಕೆಡಿಸಿತು ಎಂದು ಬೈಯುವ ಗುಂಪಿಗೆ ನಾನು ಸೇರುವುದಿಲ್ಲ. ಯುದ್ಧದ ಸನ್ನಿವೇಶಕ್ಕೆ, ಪ್ರವೇಶಗಳಿಗೆ ಅದರ ಶಬ್ದಗಳು ಜನರಿಗೆ ಇಷ್ಟ, ನುಡಿಸುವವರಲ್ಲೂ ಪ್ರತಿಭಾವಂತರಿದ್ದಾರೆ. ನನ್ನ ತಕರಾರು ಧ್ವನಿವರ್ಧಕದವರ ಬಳಿ. ಕೀಬೋರ್ಡಿನ ಸದ್ದನ್ನು ಅಷ್ಟು ಏರಿಸಿ, ಹಾರ್ಮೋನಿಯಂ ಮುಂದೆ ಹೆಸರಿಗೊಂದು ಮೈಕ್ ಇಟ್ಟರೆ ವೃತ್ತ ಹಾಡುವವನಿಗೇ ತನ್ನ ಶ್ರುತಿ ಕೇಳಿಸುವುದಿಲ್ಲ. ಕಂದ, ವೃತ್ತಗಳ ಸಮಯದಲ್ಲಾದರೂ ಹಾರ್ಮೋನಿಯಂ, ತಬಲಾ ಎರಡನ್ನೇ ಬಿಡಿ.

ನಾಟಕ ಮಂಡಳಿಗಳವರಿಗೆ ನನ್ನದೊಂದು ಕೋರಿಕೆ. ನಮ್ಮಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ. ಬಣ್ಣ ಹಚ್ಚುವುದು ತಡವಾಗುತ್ತದೆ, ಅತಿಥಿಗಳು ತಡವಾಗುತ್ತಾರೆ, ಜನ ಬಂದು ಕುಳಿತಿರುತ್ತಾರೆ. ಆ ಅರ್ಧ ಗಂಟೆ ಸಿನಿಮಾ ಹಾಡು ಹಾಕುವ ಬದಲು ಪರದೆಯ ಮುಂದೆ ಮೇಷ್ಟ್ರನ್ನು ಕೂರಿಸಿ. ಒಂದು ರೂಪಾಯಿ ಹೆಚ್ಚಿನ ಖರ್ಚಿಲ್ಲ. ಜೊತೆಗೆ, ಅವರ ಬಾಯಲ್ಲಿ ಮಾತ್ರ ಉಳಿದಿರುವ ಮಟ್ಟುಗಳನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಡಿ. ಒಬ್ಬೊಬ್ಬ ಮೇಷ್ಟ್ರ ಪಾಠ ಒಂದೊಂದು ರೀತಿ, ಬಹಳಷ್ಟು ಎಲ್ಲಿಯೂ ಬರೆದಿಟ್ಟಿಲ್ಲ.

ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕಗಳಿಗೆ ಜನ ಸೇರುವುದನ್ನು ನಾವೆಲ್ಲ ನೋಡಿದ್ದೇವೆ. ಅದೇ ಸಭಾಂಗಣದಲ್ಲಿ ವರ್ಷಕ್ಕೊಂದು ದಿನ ಜಿಲ್ಲೆಯ ಹಾರ್ಮೋನಿಯಂ ಮೇಷ್ಟ್ರುಗಳದ್ದೇ ಕಛೇರಿ ನಡೆಯಬೇಕು ಎಂಬುದು ನಮ್ಮ ಬಳಗದ ಆಸೆ. ಇದು ಕರ್ನಾಟಕ ಸಂಗೀತದ ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣದ ಜಿಲ್ಲೆ. ಸಪ್ತಸ್ವರಗಳಿಗಾಗಿ ತಂಬೂರಿಯ ಆಕಾರದಲ್ಲಿ ಮಂದಿರ ಕಟ್ಟಿಸಿಕೊಂಡ ಊರು ಅದು. ಶಾಸ್ತ್ರೀಯ ಸಂಗೀತಕ್ಕೆ ಅಷ್ಟು ಗೌರವ ಕೊಟ್ಟ ನೆಲದಲ್ಲಿ, ಹಳ್ಳಿಗಳಿಗೆ ರಾಗಗಳನ್ನು ತಲುಪಿಸಿದವರಿಗೆ ಒಂದು ದಿನ ಕೊಡುವುದು ಹೆಚ್ಚಾಗಲಾರದು. ಆ ದಿನ ಶಾಲು, ಹಾರ, ಭಾಷಣಗಳನ್ನು ಕಡಿಮೆ ಮಾಡಿ ನುಡಿಸಲು ಸಮಯ ಕೊಡಬೇಕೆಂದೂ ಈಗಲೇ ಹೇಳಿಬಿಡುತ್ತೇನೆ.

ಬಳಗಕ್ಕೆ ಬರಲು ಶುಲ್ಕವಿಲ್ಲ, ವಯಸ್ಸಿನ ಮಿತಿಯಿಲ್ಲ. ಸ್ವಂತ ವಾದ್ಯ ಇಲ್ಲದವರಿಗಾಗಿ ದಾನಿಗಳು ಕೊಟ್ಟ ಹಳೆಯ ಪೆಟ್ಟಿಗೆಗಳನ್ನು ಸರಿಮಾಡಿ ಇಟ್ಟಿದ್ದೇವೆ. ಇನ್ನೂ ಬೇಕು. ಮನೆಯ ಅಟ್ಟದಲ್ಲಿ ಅಜ್ಜನದೋ ತಂದೆಯದೋ ಹಾರ್ಮೋನಿಯಂ ಇದ್ದರೆ ಗುಜರಿಗೆ ಹಾಕಬೇಡಿ, ತಂದು ತೋರಿಸಿ. ದುರಸ್ತಿ ಆಗುವಂಥದ್ದಾದರೆ ಮಾಡಿಕೊಡುತ್ತೇವೆ, ಆಗದಿದ್ದರೆ ಅದರ ರೀಡ್‌ಗಳು ಬೇರೊಂದು ಪೆಟ್ಟಿಗೆಗೆ ಆಗುತ್ತವೆ. ನಿಮ್ಮ ಊರಿನ ಮೇಷ್ಟ್ರಿಗೆ ಫೇಸ್‌ಬುಕ್ ಇಲ್ಲದಿದ್ದರೆ ಈ ಬರಹವನ್ನು ಅವರಿಗೆ ಓದಿ ಹೇಳಿ, ಮುಂದಿನ ಭಾನುವಾರ ಕರೆದುಕೊಂಡು ಬನ್ನಿ.