ಹಳೇ ಕ್ಯಾಸೆಟ್ ಡಿವಿಡಿ ಮಾಡೋಕೆ ಹೊರಟವರು ಮೊದಲು ವಿಸಿಆರ್ ನೋಡಿ

ಮದುವೆ, ಉಪನಯನ, ಗೃಹಪ್ರವೇಶದ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಡಿವಿಡಿಗೆ ಹಾಕಬೇಕು ಅಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಯಾವ ಕ್ಯಾಪ್ಚರ್ ಕಾರ್ಡ್ (ವಿಸಿಆರಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಸಾಧನ) ಒಳ್ಳೇದು ಅಂತ. ಕಾರ್ಡಿನ ಮಾತು ಆಮೇಲೆ. ಟೇಪಿನಿಂದ ಚಿತ್ರ ಎಷ್ಟು ಚೆನ್ನಾಗಿ ಹೊರಗೆ ಬರುತ್ತದೆ ಅನ್ನೋದು ವಿಸಿಆರ್ ಕೈಯಲ್ಲಿದೆ. ಅಲ್ಲಿ ಕಳೆದುಹೋದದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಹತ್ತು ಸಾವಿರ ಖರ್ಚು ಮಾಡೋರು ಅದರಲ್ಲಿ ಏಳು ಸಾವಿರ ವಿಸಿಆರಿಗೇ ಇಡಿ ಅನ್ನುತ್ತೇನೆ ನಾನು.

ಹೊಸ ವಿಸಿಆರ್ ಈಗ ತಯಾರಾಗುತ್ತಿಲ್ಲ. ಕೊನೆಯವರೆಗೆ ಮಾಡುತ್ತಿದ್ದ ಜಪಾನಿನ ಫುನಾಯ್ ಕೂಡ 2016ರ ಜುಲೈನಲ್ಲಿ ನಿಲ್ಲಿಸಿತು. ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ವಿಎಚ್‌ಎಸ್‌ನ ಮೇಲ್ದರ್ಜೆಯ ರೂಪವಾದ ಎಸ್-ವಿಎಚ್‌ಎಸ್ ಯಂತ್ರ ಸಿಕ್ಕರೆ ಬಿಡಬೇಡಿ. ಅದರ ಹಿಂದೆ ದುಂಡಗಿನ, ನಾಲ್ಕು ಪಿನ್ನಿನ ಎಸ್-ವಿಡಿಯೊ ಸಾಕೆಟ್ ಇರುತ್ತದೆ. ಮಾಮೂಲಿ ಹಳದಿ ವೈರಿನಲ್ಲಿ ಬೆಳಕು, ಬಣ್ಣ ಎರಡೂ ಬೆರೆತು ಬರುತ್ತವೆ. ಕಾರ್ಡ್ ಅವನ್ನು ಮತ್ತೆ ಬೇರ್ಪಡಿಸಲು ಹೋದಾಗ ಜರಿ ಸೀರೆಯ ಅಂಚಿನಲ್ಲಿ, ಪಟ್ಟೆ ಅಂಗಿಯ ಮೇಲೆ ಚುಕ್ಕಿಗಳು ಹರಿದಾಡುತ್ತವೆ. ಎಸ್-ವಿಡಿಯೊದಲ್ಲಿ ಎರಡೂ ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಈ ತೊಂದರೆ ತುಂಬಾ ಕಡಿಮೆ. ಅದು ಸಿಗದಿದ್ದರೆ ಸರಿಯಾಗಿ ಓಡುವ ಯಾವುದೇ ವಿಸಿಆರ್ ಅಥವಾ ವಿಸಿಪಿ (ರೆಕಾರ್ಡ್ ಮಾಡದ, ಬರೀ ಓಡಿಸುವ ಯಂತ್ರ) ಆದೀತು. ಕೊಳ್ಳುವ ಮುಂಚೆ ಬೇಡವಾದ ಒಂದು ಕ್ಯಾಸೆಟ್ ಹಾಕಿ, ಪ್ಲೇ, ಫಾರ್ವರ್ಡ್, ರಿವೈಂಡ್, ಎಜೆಕ್ಟ್ ಎಲ್ಲವನ್ನೂ ಮಾಡಿ ನೋಡಿ. ಬೆಲ್ಟ್ ಸಡಿಲಾಗಿದ್ದರೆ ರಿವೈಂಡ್ ಮುಕ್ಕರಿಯುತ್ತದೆ. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರಿನ ರಬ್ಬರ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಅದು ಟೇಪಿನ ಅಂಚನ್ನು ಮಡಿಸಿ ತಿನ್ನುತ್ತದೆ. ಅಂಥ ಯಂತ್ರಕ್ಕೆ ಮನೆಯ ಕ್ಯಾಸೆಟ್ ಕೊಡಲೇಬಾರದು.

ಟೇಪಿನಿಂದ ಚಿತ್ರ ಓದುವ ಹೆಡ್‌ಗಳ ಕ್ಲೀನಿಂಗ್ ವಿಚಾರದಲ್ಲಿ ಜನ ಹೆಚ್ಚು ಹಾಳು ಮಾಡಿಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ಲಗ್ ಕಿತ್ತು ಮೇಲಿನ ತಗಡು ಬಿಚ್ಚಿ. ನಡುವೆ ಸ್ವಲ್ಪ ಓರೆಯಾಗಿ ನಿಂತಿರುವ ಹೊಳೆಯುವ ಡ್ರಮ್ ಕಾಣುತ್ತದೆ. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಹೆಡ್‌ಗಳು ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಹೊರಚಾಚಿವೆ. ನೂಲು ಬಿಡದ ಷಾಮಿ ಲೆದರ್ ತುಂಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒದ್ದೆ ಮಾಡಿ (99% ಇರುವುದೇ ಬೇಕು, ಮಿಕ್ಕವುಗಳಲ್ಲಿ ನೀರು ಹೆಚ್ಚು) ಡ್ರಮ್ಮಿನ ಪಕ್ಕಕ್ಕೆ ಹಗುರವಾಗಿ ಹಿಡಿಯಿರಿ. ಆ ಕೈ ಅಲ್ಲಾಡಬಾರದು. ಇನ್ನೊಂದು ಕೈಯಿಂದ ಡ್ರಮ್ಮನ್ನು ಮೇಲಿನಿಂದ ನಿಧಾನಕ್ಕೆ ತಿರುಗಿಸಿ. ಮೇಲಕ್ಕೂ ಕೆಳಕ್ಕೂ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ, ಅಲ್ಲಿಗೆ ಯಂತ್ರದ ಕಥೆ ಮುಗಿಯಿತು. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯ ಮೇಲೆ ಬಿಳಿ ಪುಡಿ ಅಥವಾ ಮಚ್ಚೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮನೆಗಳ ಕ್ಯಾಸೆಟ್‌ಗಳಲ್ಲಿ ಇದು ಮಾಮೂಲು. ಹಾಗೇ ಓಡಿಸಿದರೆ ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅವನ್ನು ಬೇರೆ ಎತ್ತಿಟ್ಟು, ಕ್ಲೀನ್ ಮಾಡಿಸಿ, ಎಲ್ಲಕ್ಕಿಂತ ಕೊನೆಗೆ ಓಡಿಸಿ. ಚೆನ್ನಾಗಿರುವ ಕ್ಯಾಸೆಟ್ಟನ್ನೂ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಕೂತ ಸುರುಳಿಯ ಬಿಗಿ ಸಮವಾಗುತ್ತದೆ. ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸುವುದಿಲ್ಲ.

ಇನ್ನು ಟಿಬಿಸಿ, ಅಂದರೆ ಟೈಮ್ ಬೇಸ್ ಕರೆಕ್ಟರ್. ಟೇಪ್ ಹಿಗ್ಗಿದಾಗ, ಓಟ ಏರುಪೇರಾದಾಗ ಚಿತ್ರದ ಒಂದೊಂದು ಗೆರೆಯೂ ಒಂದೊಂದು ಹೊತ್ತಿಗೆ ಶುರುವಾಗುತ್ತದೆ. ಹಳೇ ಡಬ್ಬಾ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು, ಕಂಪ್ಯೂಟರ್ ಕಾರ್ಡ್ ಸಹಿಸಲ್ಲ. ಮಂಟಪದ ಕಂಬ ನೀರಿನಲ್ಲಿ ಕಂಡ ಹಾಗೆ ತೊನೆಯುತ್ತದೆ, ಫ್ರೇಮ್‌ಗಳು ಬಿಟ್ಟುಹೋಗುತ್ತವೆ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾದಸ್ವರಕ್ಕೂ ಬಾಯಿಗೂ ತಾಳೆಯೇ ಇರುವುದಿಲ್ಲ. ಜೆವಿಸಿ, ಪ್ಯಾನಸೋನಿಕ್‌ನವರ ಮೇಲ್ದರ್ಜೆಯ ಎಸ್-ವಿಎಚ್‌ಎಸ್ ಯಂತ್ರಗಳಲ್ಲಿ ಟಿಬಿಸಿ ಒಳಗೇ ಇದೆ. ಅದಿಲ್ಲದವರಿಗೆ ಒಂದು ದಾರಿ: ಪ್ಯಾನಸೋನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರ್. ಅದರಲ್ಲಿ ರೆಕಾರ್ಡ್ ಮಾಡಬೇಕಾಗಿಲ್ಲ. ವಿಸಿಆರಿನಿಂದ ಅದಕ್ಕೆ, ಅದರಿಂದ ಕಾರ್ಡಿಗೆ ವೈರ್ ಕೊಟ್ಟರೆ ಸಾಕು, ಮೇಲ್ಭಾಗದಲ್ಲಿ ಬಾಗುವ ಚಿತ್ರ ನೆಟ್ಟಗಾಗುತ್ತದೆ. ಡಿವಿಡಿ ಡ್ರೈವ್ ಕೆಟ್ಟಿರುವ ರೆಕಾರ್ಡರೂ ಈ ಕೆಲಸಕ್ಕೆ ನಡೆಯುತ್ತದೆ, ಅದಕ್ಕೇ ಅಗ್ಗಕ್ಕೂ ಸಿಗುತ್ತದೆ.

ಹಳದಿ ವೈರ್ ಚುಚ್ಚಿ ಎಚ್‌ಡಿಎಂಐ ತೆಗೆಯುವ ಪುಟ್ಟ ಡಬ್ಬಿಗಳನ್ನು ಮಾತ್ರ ಈ ಕೆಲಸಕ್ಕೆ ತರಬೇಡಿ. ಸೆಕೆಂಡಿಗೆ 50 ಫೀಲ್ಡ್ (ಒಂದು ಫ್ರೇಮಿನ ಅರ್ಧ ಗೆರೆಗಳು ಒಂದು ಫೀಲ್ಡ್) ಇರುವ ಪಾಲ್ ಚಿತ್ರವನ್ನು ಅವು 60ಕ್ಕೆ ಎಳೆದು, ಒರಟಾಗಿ ದೊಡ್ಡದು ಮಾಡಿ ಕಳಿಸುತ್ತವೆ. ನಡೆಯುವವರು ತಡವರಿಸಿದ ಹಾಗೆ ಕಾಣುತ್ತಾರೆ. ಈಸಿಕ್ಯಾಪ್ ಹೆಸರಿನಲ್ಲಿ ಮಾರುವ ಯುಎಸ್‌ಬಿ ಕಡ್ಡಿಗಳಲ್ಲಿ ಒಳಗಿನ ಚಿಪ್ ಒಂದೊಂದರಲ್ಲಿ ಒಂದೊಂದು, ಹೊರಗಿನಿಂದ ಗೊತ್ತಾಗಲ್ಲ. ಇಂಥ ಕಡ್ಡಿಗಳಲ್ಲಿ ಐ-ಒ ಡೇಟಾ ಕಂಪನಿಯ ಜಿವಿ-ಯುಎಸ್‌ಬಿ2 ನಂಬಬಹುದಾದದ್ದು. ವರ್ಚುವಲ್‌ಡಬ್ ಅನ್ನುವ ಸಾಫ್ಟ್‌ವೇರಿನಲ್ಲಿ 720×576, ಸೆಕೆಂಡಿಗೆ 25 ಫ್ರೇಮ್ ಇಟ್ಟು, ಚಿತ್ರದಲ್ಲಿ ಏನನ್ನೂ ಕಳೆಯದ ಹಫ್‌ವೈಯುವಿ ಕೊಡೆಕ್‌ನಲ್ಲಿ ಹಿಡಿಯಿರಿ. ಗಂಟೆಗೆ ಸುಮಾರು 35 ಜಿಬಿ ಬೇಕು, ಮೂರು ಗಂಟೆಯ ಇ-180 ಕ್ಯಾಸೆಟ್ಟಿಗೆ 110 ಜಿಬಿ ಖಾಲಿ ಇರಲಿ. ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ ಪರದೆಯಲ್ಲೇ ಕಾಣುತ್ತದೆ. ಅದು ಏರುತ್ತಾ ಹೋದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ.

ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ ಆದರೆ ಅದು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ. ನಮ್ಮ ಬಹಳಷ್ಟು ವಿಸಿಆರ್‌ಗಳು ಅದನ್ನು ಪಾಲ್-60 ಅನ್ನುವ ಅರೆಬರೆ ರೂಪದಲ್ಲಿ ಟಿವಿಗೆ ತೋರಿಸುತ್ತವೆ. ಕಾರ್ಡಿಗೆ ಕೊಟ್ಟರೆ ಹಲವು ಸಲ ಕಪ್ಪು-ಬಿಳುಪಾಗಿಬಿಡುತ್ತದೆ. ಅಸಲಿ ಎನ್‌ಟಿಎಸ್‌ಸಿ ಹೊರಕೊಡುವ ಮಲ್ಟಿಸಿಸ್ಟಮ್ ಯಂತ್ರವೇ ಬೇಕು. ಹ್ಯಾಂಡಿಕ್ಯಾಮ್‌ಗಳ ಪುಟ್ಟ ಮಿನಿಡಿವಿ ಕ್ಯಾಸೆಟ್‌ಗೆ ಇದ್ಯಾವುದೂ ಬೇಡ, ಅದು ಮೊದಲೇ ಡಿಜಿಟಲ್. ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೈರ್‌ವೈರ್ ಅನ್ನುವ ವೈರಿನಲ್ಲಿ ಗಂಟೆಗೆ 13 ಜಿಬಿಯಂತೆ ಇದ್ದದ್ದು ಇದ್ದ ಹಾಗೇ ನಕಲಾಗುತ್ತದೆ.

ಡಿಸ್ಕ್ ಕೊನೆಯ ಮೆಟ್ಟಿಲು. ಒಂದು 4.7 ಜಿಬಿ ಡಿವಿಡಿಗೆ 90 ನಿಮಿಷಕ್ಕಿಂತ ಹೆಚ್ಚು ತುಂಬಬೇಡಿ, ಅಂದರೆ ಮೂರು ಗಂಟೆಯ ಮದುವೆಗೆ ಎರಡು ಡಿಸ್ಕ್. ವಿಎಚ್‌ಎಸ್‌ನ ಚುಕ್ಕಿ ಗದ್ದಲವನ್ನು ಡಿವಿಡಿಗೆ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವ ಎಂಪೆಗ್-2 ಚೆನ್ನಾಗಿ ಹಿಂಡಲಾರದು. ನಾಲ್ಕು ಗಂಟೆ ತುರುಕಿದರೆ ಮುಖಗಳೆಲ್ಲ ಚೌಕ ಚೌಕ ಒಡೆಯುತ್ತವೆ. ಫೀಲ್ಡ್ ಕ್ರಮವನ್ನೂ ಗಮನಿಸಿ. ಕಾರ್ಡಿನಿಂದ ಹಿಡಿದದ್ದರಲ್ಲಿ ಸಾಮಾನ್ಯವಾಗಿ ಮೇಲಿನ ಫೀಲ್ಡ್ ಮೊದಲು, ಮಿನಿಡಿವಿಯಲ್ಲಿ ಕೆಳಗಿನದು ಮೊದಲು. ತಪ್ಪಿದರೆ ಓಡಾಡುವವರೆಲ್ಲ ಹಿಂದಕ್ಕೂ ಮುಂದಕ್ಕೂ ನಡುಗುತ್ತಾರೆ. ಡಿಸ್ಕ್ ಬರೆದ ಮೇಲೆ ಮೂಲ ಫೈಲ್ ಅಳಿಸಬೇಡಿ. ಸೋನಿ ಕಂಪನಿಯೇ ಬರೆಯಬಲ್ಲ ಬ್ಲೂ-ರೇ ಡಿಸ್ಕಿನ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಡಿವಿಡಿ ಡ್ರೈವೇ ಇಲ್ಲ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಒಂದೊಂದು ಪ್ರತಿ ಇರಲಿ, ಎರಡೂ ಒಂದೇ ಮನೆಯಲ್ಲಿ ಬೇಡ.

ಅಂಗಡಿಗೆ ಕೊಟ್ಟು ಮಾಡಿಸುವವರೂ ಇಷ್ಟನ್ನು ಕೇಳಿ: ವಿಸಿಆರ್ ಯಾವುದು, ಟಿಬಿಸಿ ಇದೆಯಾ, ಹಿಂಡದ ಮೂಲ ಫೈಲನ್ನು ನಮ್ಮ ಹಾರ್ಡ್ ಡಿಸ್ಕಿಗೆ ಹಾಕಿಕೊಡುತ್ತೀರಾ? ಕೊನೆಯದಕ್ಕೆ ಆಗಲ್ಲ ಅಂದರೆ ಬೇರೆ ಅಂಗಡಿ ನೋಡಿ. ಕೆಲಸ ಮುಗಿದ ಮೇಲೆ ಕ್ಯಾಸೆಟ್‌ಗಳನ್ನು ವಾಪಸ್ ತಂದು, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ ಒಣಗಿದ ಜಾಗದಲ್ಲಿಡಿ.