ಮಂಡಿಗಿಳಿದ ಗ್ಯಾಸ್ಟ್ರಿಕ್

ಪಕ್ಕದ್ಮನೆ ಅಂಕಲ್‌ಗೆ ಮೊನ್ನೆ ಗ್ಯಾಸ್ಟ್ರಿಕ್ ಮಂಡಿಗೆ ಇಳಿಯಿತು. ಹಬ್ಬದ ಹೊತ್ತಿಗೆ ಅದು ಬೆನ್ನಲ್ಲಿ ಹಿಡಿದುಕೊಂಡಿತ್ತು. ಅದಕ್ಕೂ ಮುಂಚೆ ತಲೆಗೇರಿತ್ತು. ಸಿಟಿ ಬಸ್ಸು ಕೂಡ ಇಷ್ಟು ಸ್ಟಾಪ್ ಕೊಡುವುದಿಲ್ಲ.

ಗ್ರೀಕರ 'ಗ್ಯಾಸ್ಟರ್' ಅಂದರೆ ಹೊಟ್ಟೆ. ಗ್ಯಾಸ್ಟ್ರಿಕ್ ಅಂದರೆ 'ಹೊಟ್ಟೆಯ', ಅಷ್ಟೇ. ಗ್ಯಾಸ್ಟ್ರಿಕ್ ಅಲ್ಸರ್, ಗ್ಯಾಸ್ಟ್ರಿಕ್ ಜ್ಯೂಸ್ ಅಂತ ಅದರ ಬೆನ್ನಿಗೆ ಇನ್ನೊಂದು ಪದ ಇರಬೇಕು. ನಾವು ಅದನ್ನು ಕಿತ್ತು ಬಿಸಾಕಿದೆವು. 'ನಂಗೆ ಗ್ಯಾಸ್ಟ್ರಿಕ್ ಇದೆ' ಅಂದರೆ 'ನಂಗೆ ಹೊಟ್ಟೆಯ ಇದೆ' ಅಂದ ಹಾಗೆ. ಹೊಟ್ಟೆಯ ಏನು ಸ್ವಾಮಿ?

ಗ್ಯಾಸ್‌ಗೂ ಇದಕ್ಕೂ ನೆಂಟಸ್ತನವೇ ಇಲ್ಲ. 'ಗ್ಯಾಸ್' ಪದವನ್ನು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ 'ಕೇಯಾಸ್'ನಿಂದ ಹುಟ್ಟಿಸಿದ. ಕೇಯಾಸ್ ಅಂದರೆ ಗೊಂದಲ. ಹೆಸರಿಟ್ಟವನಿಗೆ ನಮ್ಮ ಮದುವೆ ಊಟದ ನಂತರದ ಸ್ಥಿತಿ ಗೊತ್ತಿತ್ತೋ ಏನೋ.

ಮೆಡಿಕಲ್ ಶಾಪ್‌ನಲ್ಲಿ ಚೀಟಿ ಕೇಳುವವರಿಲ್ಲ. 'ಒಂದು ಗ್ಯಾಸ್ಟ್ರಿಕ್ ಮಾತ್ರೆ' ಅಂದರೆ ಪ್ಯಾಂಟೊಪ್ರಝೋಲ್ 40 ಶೀಟು ಕೈಗೆ ಬರುತ್ತದೆ. ಅದು ಆಸಿಡ್ ಇಳಿಸುವ ಮಾತ್ರೆ, ಗಾಳಿ ಬಿಡಿಸುವುದಲ್ಲ. ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಬೇಕು. ಅಂಕಲ್ ಮಾತ್ರ ಎರಡು ಮಸಾಲೆ ದೋಸೆ ಮುಗಿಸಿ, ಕಾಫಿಯ ಕೊನೇ ಗುಟುಕಿನಲ್ಲಿ ಅದನ್ನು ಒಳಗೆ ಕಳಿಸುತ್ತಾರೆ.

ಇಲ್ಲಿಗೆ ನಗು ಸಾಕು. ಹಾರ್ಟ್ ಅಟ್ಯಾಕ್‌ನ ನೋವು ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲೇ ಬರುತ್ತದೆ. ಮನುಷ್ಯ ಬೆವೆತು ತೊಪ್ಪೆಯಾಗಿದ್ದರೂ ಮನೆಯಲ್ಲಿ 'ಗ್ಯಾಸ್ಟ್ರಿಕ್ ಇರ್ಬೇಕು ಬಿಡಿ' ಎಂಬ ಠರಾವು ಪಾಸಾಗುತ್ತದೆ. ಒಬ್ಬರು ಓಮಿನ ಕಾಳು ಹುಡುಕುತ್ತಾರೆ, ಒಬ್ಬರು ಸೋಡಾಗೆ ಓಡುತ್ತಾರೆ, ಮತ್ತೊಬ್ಬರು ಬೆನ್ನು ಗುದ್ದುತ್ತಾರೆ. 108ಕ್ಕೆ ಫೋನ್ ಮಾಡುವ ಸರದಿ ಬರುವುದು ತೇಗು ಬರಲಿಲ್ಲ ಅಂತ ಖಾತ್ರಿಯಾದ ಮೇಲೆ. ಅಷ್ಟು ಹೊತ್ತು ಹೃದಯ ಕಾಯಬೇಕಲ್ವಾ!

ಅಂಕಲ್ ಮಂಡಿಯನ್ನು ಕೊನೆಗೂ ಡಾಕ್ಟರ್‌ಗೆ ತೋರಿಸಿದೆವು. ಆಕೆ ಎಕ್ಸ್‌ರೇ ಎತ್ತಿ ಹಿಡಿದು, 'ಮೂಳೆ ಸವೆದಿದೆ, ಗ್ಯಾಸ್ಟ್ರಿಕ್ ಅಲ್ಲವೇ ಅಲ್ಲ' ಎಂದರು. ನನಗೆ ಗೆದ್ದಷ್ಟು ಖುಷಿ. ಚೀಟಿಯಲ್ಲಿ ನೋವಿನ ಮಾತ್ರೆ ಬರೆದರು. ಅದರ ಕೆಳಗೆ ಇನ್ನೊಂದು.

'ಇದ್ಯಾಕೆ ಮೇಡಂ?' ಎಂದೆ.

'ನೋವಿನ ಮಾತ್ರೆಯಿಂದ ಗ್ಯಾಸ್ಟ್ರಿಕ್ ಆಗುತ್ತಲ್ಲ, ಅದಕ್ಕೆ.'

ಅಂಕಲ್ ನನ್ನ ಕಡೆ ತಿರುಗಿ, ಮಂಡಿ ನೀವಿಕೊಳ್ಳುತ್ತಾ, ದೊಡ್ಡದಾಗಿ ತೇಗಿದರು.