ಬಾರದ ತೇಗು

ಕಾಸರಗೋಡು ಕಡೆಯ ಯಾವ ಮದುವೆ ಊಟಕ್ಕೆ ಹೋದರೂ, ಮಜ್ಜಿಗೆ ಬರುವ ಹೊತ್ತಿಗೆ ಪಂಕ್ತಿಯ ಯಾವುದೋ ತುದಿಯಿಂದ ಒಂದು ತೇಗು ಕೇಳಿಸಿಯೇ ಕೇಳಿಸುತ್ತದೆ. ಮಲಯಾಳದಲ್ಲಿ ಅದು ಏಂಬಕ್ಕಂ. ನಮ್ಮ ತೇಗಿಗಿಂತ ಆ ಶಬ್ದದಲ್ಲೇ ಗಾಳಿ ಜಾಸ್ತಿ. ಅಡುಗೆ ಭಟ್ಟರು ಅದನ್ನು ಪ್ರಶಸ್ತಿಪತ್ರವೆಂದೇ ಎಣಿಸುತ್ತಾರೆ. ಅದೇ ಪಂಕ್ತಿಯಲ್ಲಿ ಎರಡನೇ ಸಲ ಬಂದ ಪಾಯಸಕ್ಕೆ ಕೈ ಅಡ್ಡ ಹಿಡಿದು, ಎದೆ ನೀವಿಕೊಳ್ಳುತ್ತ ಕೂತವರೂ ಒಬ್ಬರು ಇದ್ದಾರು. ಹೊಟ್ಟೆ ತುಂಬಿದ್ದು ಅನ್ನದಿಂದಲ್ಲ, ಗಾಳಿಯಿಂದ. ನೆನಪಿರುವಷ್ಟು ಕಾಲದಿಂದ ಅವರಿಗೆ ತೇಗೇ ಬಂದಿಲ್ಲ.

ತಂಟೆ ಇರುವುದು ಕೊರಳಲ್ಲಿ. ಧ್ವನಿಪೆಟ್ಟಿಗೆಯ ಹಿಂದೆ, ಅನ್ನನಾಳ ಶುರುವಾಗುವಲ್ಲಿ, ಕ್ರೈಕೋಫ್ಯಾರಿಂಜಿಯಸ್ ಎಂಬ ಸ್ನಾಯು ಸದಾ ಬಿಗಿದುಕೊಂಡಿರುತ್ತದೆ. ನುಂಗುವಾಗ ಅರೆಗಳಿಗೆ ಸಡಿಲಾಗಿ ತುತ್ತನ್ನು ಬಿಟ್ಟು ಮತ್ತೆ ಮುಚ್ಚುತ್ತದೆ. ಕೆಳಗಿನ ಗಾಳಿ ಮೇಲೇರಿ ಅನ್ನನಾಳ ಉಬ್ಬಿದಾಗಲೂ ಅದು ಸಡಿಲಾಗಬೇಕು, ಆಗಲೇ ತೇಗು. ತೇಗು ಬಾರದ ಇವರಲ್ಲಿ ಮೊದಲನೆಯದು ಸರಾಗ, ಎರಡನೆಯದು ಇಲ್ಲವೇ ಇಲ್ಲ. ಗೋಲಿ ಸೋಡಾ ಕುಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ: ಒಳಗಿನ ಗಾಳಿ ಒತ್ತಿದಷ್ಟೂ ಗೋಲಿ ರಬ್ಬರ್ ಬಳೆಗೆ ಗಟ್ಟಿಯಾಗಿ ಕೂರುತ್ತದೆ, ಮೇಲಿನಿಂದ ಹೆಬ್ಬೆರಳು ಒತ್ತಿದರೆ ಮಾತ್ರ ದಾರಿ.

ದಾರಿ ಸಿಗದ ಗಾಳಿ ಹಿಂದಿರುಗುವಾಗ ಗಂಟಲಿನಿಂದ ಗೊಳಗೊಳ ಸದ್ದು. ಆಟಿಯ ಮಳೆಯಲ್ಲಿ ಗದ್ದೆಬದಿಯ ಕಪ್ಪೆ ಕೂಗಿದಂತೆ, ಪಕ್ಕದವರಿಗೂ ಕೇಳುವಷ್ಟು. ಸಂಜೆಗೆ ಹೊಟ್ಟೆ ಚೆಂಡೆ. ಆಯುರ್ವೇದ ತಡೆಯಬಾರದೆಂದು ಹೇಳುವ 13 ವೇಗಗಳಲ್ಲಿ, ಎಂದರೆ ದೇಹದ ಸಹಜ ಒತ್ತಡಗಳಲ್ಲಿ, ತೇಗು, ವಾಂತಿ, ಅಪಾನವಾಯು ಮೂರೂ ಇವೆ. ಇವರಲ್ಲಿ ಹಲವರಿಗೆ ವಾಂತಿಯೂ ಕಷ್ಟ. ಮೊದಲೆರಡು ರಜೆ ಹಾಕಿದ ಮೇಲೆ ಮೂರನೆಯದಕ್ಕೆ ಓವರ್‌ಟೈಮ್ ತಪ್ಪಿದ್ದಲ್ಲ.

ನಮ್ಮಲ್ಲಿ ಇಷ್ಟಕ್ಕೂ ಸೇರಿ ಒಂದೇ ಹೆಸರು, ಗ್ಯಾಸ್ಟ್ರಿಕ್. ಇಂಗಿನ ಮಜ್ಜಿಗೆ, ಓಮದ ನೀರು ಕುಡಿದರೆ ಕೆಡುಕಿಲ್ಲ. ಕೆಡುಕು ಸೋಡಾಶರಬತ್ತಿನದು. 200 ಮಿ.ಲೀ. ಸೋಡಾದಲ್ಲಿ ಸುಮಾರು ಅರ್ಧ ಲೀಟರಿಗೂ ಮಿಕ್ಕಿದ ಅನಿಲ ಕರಗಿರುತ್ತದೆ. ತೇಗುವವನಿಗೆ ಅದು ಔಷಧಿ, ತೇಗಲಾರದವನಿಗೆ ಶಿಕ್ಷೆ. ಆಮ್ಲ ತಗ್ಗಿಸುವ ಮಾತ್ರೆ ನಾಟುವುದಿಲ್ಲ. ಎಂಡೋಸ್ಕೋಪಿಯಲ್ಲಿ ಎಲ್ಲ ಸರಿಯಿದೆ ಎಂದೇ ಬರುತ್ತದೆ, ಏಕೆಂದರೆ ಅಲ್ಲಿ ನೋಡುವುದು ಗೋಡೆಯ ಹುಣ್ಣನ್ನು, ಬಾಗಿಲಿನ ಹಟವನ್ನಲ್ಲ. 2019ರಲ್ಲಿ ಅಮೆರಿಕದ ಗಂಟಲು ತಜ್ಞ ರಾಬರ್ಟ್ ಬಾಸ್ಟಿಯನ್ ಮತ್ತು ಅವರ ಸಹೋದ್ಯೋಗಿ ಮೆಲಿಸ್ಸಾ ಸ್ಮಿತ್‌ಸನ್ ಇಂಥ 51 ಜನರ ವಿವರ ಪ್ರಕಟಿಸಿದ ಮೇಲೆಯೇ ಈ ಹಟಕ್ಕೊಂದು ಹೆಸರು, ಒಂದು ಮದ್ದು ಊರೂರು ತಲುಪತೊಡಗಿದ್ದು. ತೇಗಿಲ್ಲ, ಗೊಳಗೊಳ, ಉಬ್ಬರ, ವಿಪರೀತ ಅಪಾನವಾಯು – ಈ ನಾಲ್ಕನ್ನು ಕೇಳಿ ತಿಳಿದರೆ ರೋಗ ಗೊತ್ತಾದಂತೆಯೇ.

ಮದ್ದು ಮಾತ್ರ ವಿಷ. ಸುಕ್ಕು ಅಳಿಸುವ ಬೊಟಾಕ್ಸ್ ಎಂದು ಹೆಸರಾದ ಬೊಟುಲಿನಮ್ ಟಾಕ್ಸಿನ್. ಪುಡಿಯಾಗಿ ಬರುವ ಅದನ್ನು 2ರಿಂದ 8 ಡಿಗ್ರಿ ತಣ್ಣಗಿಟ್ಟು, ಬೇಕಾದಾಗ ಸಲೈನಿನಲ್ಲಿ ಕರಗಿಸುತ್ತಾರೆ. ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಕೊಳವೆ ಇಳಿಸಿ, ಅಡ್ಡದಿಂಡಿನಂತೆ ಕಾಣುವ ಆ ಸ್ನಾಯುವಿಗೆ ಸಾಮಾನ್ಯವಾಗಿ 50ರಿಂದ 100 ಯೂನಿಟ್‌ಗಳನ್ನು ಎರಡು ಮೂರು ಕಡೆ ಹಂಚಿ ಚುಚ್ಚುತ್ತಾರೆ. ಹೆಚ್ಚಿನವರು ಅಂದೇ ಮನೆಗೆ. ಕತ್ತಿನ ಹೊರಗಿನಿಂದ, ಸ್ನಾಯುವಿನ ವಿದ್ಯುತ್ ಸದ್ದು ಕೇಳುತ್ತ ಚುಚ್ಚುವ ಕ್ರಮವೂ ಇದೆ. ಅರಿವಳಿಕೆ ಬೇಡ, ಪ್ರಮಾಣವೂ ಕಡಿಮೆ. ಆದರೆ ಮದ್ದು ಪಕ್ಕಕ್ಕೆ ಹರಿದು ಧ್ವನಿತಂತುವನ್ನು ತೆರೆಯುವ ಸ್ನಾಯುವಿಗೆ ತಾಗಿದರೆ ಉಸಿರಿಗೆ ತೊಂದರೆ. ಹಾಗಾಗಿ ಮಂಗಳೂರಿಗೆ ಹೋಗಿ ವಿಚಾರಿಸುವವರು ಧ್ವನಿಪೆಟ್ಟಿಗೆಯ ಕೆಲಸದಲ್ಲಿ ಪಳಗಿದ ಇಎನ್‌ಟಿ ವೈದ್ಯರನ್ನೇ ಹುಡುಕುವುದು ಒಳ್ಳೆಯದು. ಮಯಸ್ತೇನಿಯಾದಂಥ ಸ್ನಾಯುಬಲಹೀನತೆ ಇದ್ದರೆ ಮೊದಲೇ ಹೇಳಬೇಕು.

ನರ ಹೇಳಿದ್ದು ಸ್ನಾಯುವಿಗೆ ಕೇಳಿಸದಂತೆ ಮಾಡುವುದಷ್ಟೇ ಈ ವಿಷದ ಕೆಲಸ. ವಾರದೊಳಗೆ ಬಿಗಿ ಸಡಿಲುತ್ತದೆ. ಸಡಿಲಿದ ಬಾಗಿಲು ನುಂಗುವಾಗಲೂ ಸಡಿಲವೇ: ಕೆಲವು ವಾರ ಒಣ ಚಪಾತಿ, ಕೋಳಿ ತುಂಡು ಗಂಟಲಲ್ಲಿ ನಿಂತಂತಾಗುತ್ತದೆ, ಮಲಗಿದರೆ ಉಂಡದ್ದು ಮೇಲೆ ಬರುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಬೇಯಿಸಿ ಗುಟುಕು ಗುಟುಕಾಗಿ ಉಣ್ಣುವವರಿಗೆ ಅಷ್ಟು ಕಷ್ಟವಿಲ್ಲ. ಉಂಡ ಕೂಡಲೇ ಅಡ್ಡಾಗಬಾರದು, ತಲೆದಿಂಬು ಒಂದು ಹೆಚ್ಚಿರಲಿ.

ವಿಷದ ಬಲ ಸುಮಾರು ಮೂರು ತಿಂಗಳು. ಸೋಜಿಗವೆಂದರೆ, ಅದು ಇಳಿದ ಮೇಲೂ ಹೆಚ್ಚಿನವರಲ್ಲಿ ತೇಗು ಉಳಿಯುತ್ತದೆ. ಅಷ್ಟರಲ್ಲಿ ದೇಹ ಪಾಠ ಕಲಿತಿರುತ್ತದೆ. ಕಲಿಯಲು ಬೇಕಾದದ್ದು, ಇಷ್ಟು ದಿನ ದೂರವಿಟ್ಟ ಅದೇ ಸೋಡಾ. ಎರಡು ಗುಟುಕು ಕುಡಿದು, ಗದ್ದ ತುಸು ಎತ್ತಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಕಾಯಬೇಕು. ಮೊದಲು ಬರುವುದು ಸಣ್ಣಸಣ್ಣವು, ಹೇಳದೆ ಕೇಳದೆ, ಬಸ್ಸಿನಲ್ಲೂ ದೇವಸ್ಥಾನದಲ್ಲೂ. ಕೆಲವು ತಿಂಗಳ ಬಳಿಕ ಮತ್ತೆ ನಿಂತುಹೋದವರಿಗೆ ಇನ್ನೊಂದು ಚುಚ್ಚುಮದ್ದು.